ಹದ್ದಿನ ಮರಿ ಗಾಯಗೊಂಡರೆ: ಒಂದನ್ನ ಕೊಂದು, ಒಂದನ್ನ ಉಳಿಸಿ ನಾವು ಕಲಿತದ್ದು

ಶುರುವಿನಲ್ಲೇ ನಮ್ಮ ತಪ್ಪು ಒಪ್ಪಿಕೊಂಡುಬಿಡ್ತೀವಿ. 2025ರ ಮಾರ್ಚ್. ನಾವಾಗ ಸೆಕೆಂಡ್ ಸೆಮ್. ಹಾಸ್ಟೆಲ್ ಮೆಸ್ ಹಿಂದಿನ ದೊಡ್ಡ ಬೇವಿನ ಮರದಲ್ಲಿ ಹದ್ದಿನ ಗೂಡು ಇತ್ತು. ಒಂದು ಮಧ್ಯಾಹ್ನ ಲ್ಯಾಬ್ ಮುಗಿಸಿ ಊಟಕ್ಕೆ ಹೋಗುವಾಗ ಮರದ ಕೆಳಗೆ ಒಂದು ಮರಿ ಕೂತಿತ್ತು. ಮೈಮೇಲೆ ಅರ್ಧ ಹತ್ತಿಯಂಥ ತುಪ್ಪಳ, ಅರ್ಧ ಕಂದು ಗರಿ. ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿತ್ತು.

ನಾವು ನಾಲ್ಕು ಜನ ಅದನ್ನ ರೂಮಿಗೆ ಎತ್ತಿಕೊಂಡು ಬಂದೆವು. ಮೆಸ್‌ನಿಂದ ಹಾಲು ತಂದು ಬ್ರೆಡ್ ನೆನೆಸಿ ಕೊಟ್ಟೆವು, ತಿನ್ನಲಿಲ್ಲ. ಬಾಯಿ ತೆರೆದೇ ಇದೆ ಅಂದ್ರೆ ನೀರಡಿಕೆ ಆಗಿರಬೇಕು ಅಂತ ಒಬ್ಬ ತಲೆ ಹಿಡಿದ, ಇನ್ನೊಬ್ಬ ಸಿರಿಂಜ್‌ನಲ್ಲಿ ನೀರು ಬಿಟ್ಟ. ಮರಿ ಕೆಮ್ಮಿದ ಹಾಗೆ ಮಾಡಿತು. ಆಮೇಲೆ ಸುಮ್ಮನಾಯಿತು. ಸುಧಾರಿಸಿಕೊಂಡಿದೆ ಅಂದುಕೊಂಡು ನಾವು ಸ್ಟೇಟಸ್ ಹಾಕಿದೆವು. ಬೆಳಿಗ್ಗೆ ಎದ್ದು ನೋಡಿದರೆ ಸತ್ತಿತ್ತು.

ಅದೇ ತಿಂಗಳು ಹಾಸ್ಟೆಲ್‌ನಲ್ಲಿ ಎಲ್ಲರೂ ಅಮೆರಿಕದ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಕಣಿವೆಯ ಲೈವ್ ಕ್ಯಾಮೆರಾ ನೋಡುತ್ತಿದ್ದೆವು. ಜಾಕಿ ಮತ್ತು ಶ್ಯಾಡೋ ಅನ್ನೋ ಬೋಳು ಹದ್ದುಗಳ ಜೋಡಿಗೆ ಆಗ ಮೂರು ಮರಿ ಆಗಿದ್ದವು. ಮಾರ್ಚ್ ಮಧ್ಯದ ಹಿಮಗಾಳಿಯಲ್ಲಿ ಒಂದು ಮರಿ ಸತ್ತಿತು. ಕ್ಯಾಮೆರಾ ನಡೆಸುವವರು ಮರ ಹತ್ತಲಿಲ್ಲ. ನಮಗೆ ಸಿಟ್ಟು ಬಂದಿತ್ತು, "ಇಷ್ಟು ಜನ ನೋಡ್ತಾ ಕೂತಿದಾರಲ್ಲ, ಒಬ್ಬರಾದರೂ ಹೋಗಬಾರದಾ" ಅಂತ. ಜೂನ್‌ನಲ್ಲಿ ಉಳಿದ ಎರಡು ಮರಿಗಳೂ ಗೂಡು ಬಿಟ್ಟು ಹಾರಿದವು. ಮರ ಹತ್ತದೆ ಸುಮ್ಮನಿದ್ದವರ ಗೂಡಲ್ಲಿ ಎರಡು ಬದುಕಿದವು. ಓಡಿಹೋಗಿ ಎತ್ತಿಕೊಂಡ ನಮ್ಮ ರೂಮಿನಲ್ಲಿ ಇದ್ದ ಒಂದೂ ಉಳಿಯಲಿಲ್ಲ.

ಆಮೇಲೆ ಒಬ್ಬ ಪಶುವೈದ್ಯರ ಹತ್ತಿರ ಹೋಗಿ ಕೇಳಿದೆವು, ಓದಿದೆವು. ಈ ವರ್ಷ ಫೆಬ್ರವರಿಯಲ್ಲಿ ಕಮಲಾಪುರದ ಹತ್ತಿರ ಇನ್ನೊಂದು ಮರಿ ಸಿಕ್ಕಿತು. ಆ ಕತೆಯನ್ನ ಕೊನೆಗೆ ಹೇಳ್ತೀವಿ. ಅದಕ್ಕೂ ಮೊದಲು ಗೊತ್ತಿರಬೇಕಾದದ್ದು ಸ್ವಲ್ಪ ಇದೆ.

ಮೊದಲು, ಇದು ಯಾವ ಹಕ್ಕಿ?

ಸಿನಿಮಾದಲ್ಲಿ ಕಾಣೋ ಬಿಳಿ ತಲೆಯ ಬೋಳು ಹದ್ದು ಉತ್ತರ ಅಮೆರಿಕದ್ದು, ನಮ್ಮಲ್ಲಿ ಇಲ್ಲ. ಅದು ಬೋಳೂ ಅಲ್ಲ, ತಲೆ ತುಂಬ ಬಿಳಿ ಗರಿ ಇರ್ತವೆ. ಆ ಬಿಳುಪು ಬರೋದಕ್ಕೆ ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಮರಿ ಹೆಚ್ಚಾಗಿ ಕಂದು. ಸಿನಿಮಾದಲ್ಲಿ ಅದು ಕೂಗೋ ಗಂಭೀರ ಧ್ವನಿ ಕೂಡ ಬಹಳ ಸಲ ಬೇರೆ ಹಕ್ಕಿಯದು, ಡಬ್ಬಿಂಗ್.

ನಮ್ಮಲ್ಲಿ ಅದನ್ನ ನೆನಪಿಸೋ ಹಕ್ಕಿ ಗರುಡ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಕೆರೆ, ಡ್ಯಾಮ್ ಕಡೆ ಹೆಚ್ಚು. ಕಂಡರೆ ನಮ್ಮ ಅಜ್ಜಿಯರು ಕೈಮುಗಿತಾರೆ. ಇದರ ಮರಿಯೂ ಕಂದು ಬಣ್ಣದ್ದೇ. ಆದರೆ ಕಲಬುರಗಿ ಸಿಟಿಯಲ್ಲಿ, ಮೆಸ್ ಹಿಂದೆ, ಚಿಕನ್ ಅಂಗಡಿ ಮೇಲೆ, ಕಸದ ರಾಶಿ ಮೇಲೆ ದಿನಾ ಸುತ್ತೋದು ಕರಿ ಹದ್ದು. ಗುರುತು ಬಹಳ ಸರಳ: ಹಾರುವಾಗ ಬಾಲ ನೋಡಿ. ತುದಿ ನಡುವೆ ಸೀಳಿದ ಹಾಗಿದ್ದರೆ ಕರಿ ಹದ್ದು, ದುಂಡಗಿದ್ದರೆ ಗರುಡ. ಕರಿ ಹದ್ದಿನ ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್, ತೂಕ ಮಾತ್ರ ಒಂದು ಕಿಲೋ ಒಳಗೆ.

ನಮ್ಮ ಕಡೆ ಇವು ಗೂಡು ಕಟ್ಟೋದು ಹೆಚ್ಚಾಗಿ ಡಿಸೆಂಬರ್‌ನಿಂದ ಏಪ್ರಿಲ್ ನಡುವೆ. ಎರಡು ಮೂರು ಮೊಟ್ಟೆ, ಹೆಚ್ಚುಕಡಿಮೆ ಒಂದು ತಿಂಗಳು ಕಾವು, ಆಮೇಲೆ ಮರಿ ಹಾರೋದಕ್ಕೆ ಆರರಿಂದ ಎಂಟು ವಾರ. ಈಗ ಕ್ಯಾಲೆಂಡರ್ ನೆನಪು ಮಾಡಿಕೊಳ್ಳಿ. ನಾವು ಗಾಳಿಪಟ ಹಾರಿಸೋ ಸಂಕ್ರಾಂತಿ ಸರಿಯಾಗಿ ಇದರ ನಡುವೆ ಬರುತ್ತೆ.

ಗೂಡು ಕಟ್ಟೋಕೆ ಹದ್ದು ಬರೀ ಕಡ್ಡಿ ತರೋದಿಲ್ಲ. ಬಟ್ಟೆ, ಪ್ಲಾಸ್ಟಿಕ್, ವೈರ್, ದಾರ, ಸಿಕ್ಕಿದ್ದೆಲ್ಲ ತರುತ್ತೆ. 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಸ್ಪೇನ್‌ನ ಕರಿ ಹದ್ದುಗಳ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಗಟ್ಟಿಮುಟ್ಟಾದ ಹದ್ದುಗಳು ಗೂಡಿಗೆ ಹೆಚ್ಚು ಬಿಳಿ ಪ್ಲಾಸ್ಟಿಕ್ ಹಾಕಿ, "ಈ ಜಾಗ ನಂದು, ನನ್ನ ಹತ್ತಿರ ಬರಬೇಡಿ" ಅಂತ ಬೇರೆ ಹದ್ದುಗಳಿಗೆ ತೋರಿಸಿಕೊಳ್ತಾವೆ ಅನ್ನೋದು ಅದರ ಸಾರ. ಹಕ್ಕಿಗೆ ಅದು ಬೋರ್ಡು. ಆದರೆ ಅದೇ ಗೂಡಿಗೆ ನೈಲಾನ್ ಮಾಂಜಾ ಬಂದರೆ ಮರಿಯ ಕಾಲಿಗೆ ಅದು ಉರುಳು.

ಎತ್ತಿಕೊಳ್ಳಬೇಕಾ, ಬಿಡಬೇಕಾ?

ನೆಲದ ಮೇಲೆ ಕಂಡ ಪ್ರತಿ ಮರಿಯೂ ಆಪತ್ತಿನಲ್ಲಿದೆ ಅಂತ ಅಲ್ಲ. ಮೈತುಂಬ ಗರಿ ಬಂದ ಮರಿ ಹಾರೋಕೆ ಮುಂಚೆ ಕೊಂಬೆಯಿಂದ ಕೊಂಬೆಗೆ ಜಿಗಿದು ಪ್ರಾಕ್ಟೀಸ್ ಮಾಡುತ್ತೆ, ಜಾರಿ ಕೆಳಗೂ ಬೀಳುತ್ತೆ. ತಾಯಿ ತಂದೆ ಮೇಲಿಂದ ನೋಡ್ತಾನೇ ಇರ್ತವೆ. ಅದು ನೆಟ್ಟಗೆ ನಿಂತು, ಎರಡೂ ರೆಕ್ಕೆ ಸಮ ಇಟ್ಟುಕೊಂಡು, ಹತ್ತಿರ ಹೋದರೆ ಬಾಯಿ ತೆರೆದು ಹೆದರಿಸಿದರೆ, ನಾಯಿ ಬೆಕ್ಕು ಬರದ ಹಾಗೆ ನೋಡಿಕೊಂಡು ದೂರ ನಿಲ್ಲಿ. ಅಷ್ಟೇ ಸಾಕು.

ತುಪ್ಪಳದ ಮರಿ ಬಿದ್ದಿದ್ದು ಗಾಯ ಏನೂ ಇಲ್ಲದಿದ್ದರೆ ಅದಕ್ಕೆ ಬೇಕಾದ್ದು ಗೂಡು. "ಮನುಷ್ಯ ಮುಟ್ಟಿದ ಮರಿಯನ್ನ ತಾಯಿ ಸೇರಿಸಲ್ಲ" ಅನ್ನೋ ಮಾತನ್ನ ನಾವೂ ನಂಬಿದ್ದೆವು, ಅದಕ್ಕೇ ಆ ಮರಿಯನ್ನ ಮೇಲೆ ಇಡೋ ಯೋಚನೆಯೇ ಮಾಡಲಿಲ್ಲ. ಆ ಮಾತು ಸುಳ್ಳು. ಹದ್ದುಗಳು ಮರಿಯನ್ನ ವಾಸನೆ ನೋಡಿ ಬಿಡೋದಿಲ್ಲ. ಗೂಡು ಕೈಗೆ ಸಿಗದಿದ್ದರೆ ಅಥವಾ ಬಿದ್ದುಹೋಗಿದ್ದರೆ, ಬುಟ್ಟಿಯಲ್ಲಿ ಕಡ್ಡಿ ಹಾಕಿ ಅದೇ ಮರಕ್ಕೆ ಕಟ್ಟಿ ಮರಿಯನ್ನ ಅದರಲ್ಲಿ ಇಡ್ತಾರೆ. ತಾಯಿ ಅಲ್ಲಿಗೇ ಬಂದು ಉಣಿಸುತ್ತೆ.

ಮನುಷ್ಯ ಕೈ ಹಾಕಲೇಬೇಕಾದದ್ದು ಇಂಥ ಕಡೆ: ರಕ್ತ ಬರ್ತಿದೆ, ರೆಕ್ಕೆ ಜೋತುಬಿದ್ದಿದೆ, ಕಾಲಿಗೆ ದಾರ ಸುತ್ತಿದೆ, ನಾಯಿ ಬೆಕ್ಕು ಕಚ್ಚಿದೆ, ಮೈಮೇಲೆ ನೊಣ ಮುತ್ತಿದೆ, ಇಲ್ಲಾ ತಲೆ ಎತ್ತೋಕೂ ಆಗದಷ್ಟು ನಿತ್ರಾಣ ಆಗಿದೆ. ಕಲಬುರಗಿ ಬಿಸಿಲಿಗೆ ಕೊನೆಯದನ್ನ ಮರೀಬೇಡಿ. 2022ರ ಮೇ ತಿಂಗಳಲ್ಲಿ ಗುಜರಾತಿನಲ್ಲಿ ನೀರು ಸಿಗದೆ ಬಳಲಿದ ಹಕ್ಕಿಗಳು ಆಕಾಶದಿಂದ ಬೀಳುತ್ತಿದ್ದವು. ನಮ್ಮ ಊರಿನ ಬಿಸಿಲು ಅದಕ್ಕಿಂತ ಕಡಿಮೆ ಏನಲ್ಲ.

ಹಕ್ಕಿಯ ಒಳಗಿನ ಎಂಜಿನಿಯರಿಂಗ್

ನಾವು ಮಾಡಿದ ಒಂದೊಂದು ತಪ್ಪಿಗೂ ಹಕ್ಕಿಯ ದೇಹದ ಡಿಸೈನ್‌ನಲ್ಲಿ ಕಾರಣ ಇದೆ.

ಬಾಯಿ: ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತೆ. ಸಿರಿಂಜ್‌ನಿಂದ ಬಿಟ್ಟ ನೀರು ನೇರ ಅದರೊಳಗೆ ಹೋಗಬಹುದು. ನಮ್ಮ ಮರಿ ಕೆಮ್ಮಿದ್ದು ಅದಕ್ಕೇ ಇರಬೇಕು ಅಂತ ಆ ವೈದ್ಯರು ಹೇಳಿದರು. ಬಾಯಿ ತೆರೆದಿದ್ದದ್ದು ಸೆಕೆಗೆ, ಹೆದರಿಕೆಗೆ. ಹಕ್ಕಿಗೆ ಬೆವರೋಕೆ ಬರೋದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳುತ್ತೆ. ಅದನ್ನ ನೆರಳಲ್ಲಿ, ಸದ್ದಿಲ್ಲದ ಕಡೆ ಇಟ್ಟಿದ್ದರೆ ಸಾಕಿತ್ತು.

ಎದೆ: ನಮಗಿರೋ ಹಾಗೆ ಹಕ್ಕಿಗೆ ಡಯಾಫ್ರಮ್ ಇಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರೇನೇ ಅದರ ಗಾಳಿಚೀಲಗಳಿಗೆ ಗಾಳಿ ತುಂಬುತ್ತೆ, ತಿದಿ ಒತ್ತಿದ ಹಾಗೆ. ತಪ್ಪಿಸಿಕೊಂಡು ಹೋಗಬಾರದು ಅಂತ ಎದೆ ಸುತ್ತ ಬಿಗಿಯಾಗಿ ಹಿಡಿದರೆ, ಮೂಗು ಬಾಯಿ ತೆರೆದಿದ್ದರೂ ಅದು ಉಸಿರುಗಟ್ಟಿ ಸಾಯುತ್ತೆ.

ಮೂಳೆ: ರೆಕ್ಕೆಯ ಮೇಲ್ತೋಳಿನ ಮೂಳೆ ಟೊಳ್ಳು, ಅದರೊಳಗಿನ ಜಾಗ ಗಾಳಿಚೀಲಕ್ಕೆ ಸೇರಿರುತ್ತೆ. ಆ ಮೂಳೆ ಮುರಿದು ಹೊರಗೆ ಕಾಣುವಾಗ ಗಾಯ ತೊಳೀಬೇಕು ಅಂತ ನೀರು ಸುರಿದರೆ, ನೀರು ಉಸಿರಾಟದ ದಾರಿಗೇ ಹೋಗುತ್ತೆ. ಹಂಗಾಗಿ ತೆರೆದ ಗಾಯಕ್ಕೆ ನೀರು ಹುಯ್ಯಬಾರದು. ಸ್ವಚ್ಛ ಬಟ್ಟೆ ಮೇಲೆ ಮುಚ್ಚಿದರೆ ಸಾಕು.

ಪಂಜ: ಹದ್ದಿನ ಆಯುಧ ಕೊಕ್ಕು ಅಂತ ಎಲ್ಲರೂ ಅಂದುಕೊಳ್ತಾರೆ. ನಿಜವಾದ ಆಯುಧ ಪಂಜ. ಕಾಲಿನ ಟೆಂಡನ್ ಮೇಲೆ ಸಣ್ಣ ಉಬ್ಬುಗಳು, ಅದರ ಹೊರಕವಚದೊಳಗೆ ಅದಕ್ಕೆ ಹೊಂದೋ ಗೆರೆಗಳು ಇವೆ. ಹಿಡಿದ ಕೂಡಲೆ ಎರಡೂ ಒಂದರೊಳಗೊಂದು ಸಿಕ್ಕಿ ಲಾಕ್ ಆಗುತ್ತೆ. ವರ್ಕ್‌ಶಾಪ್‌ನಲ್ಲಿ ನಾವು ನೋಡೋ ರ್‍ಯಾಚೆಟ್ ತತ್ವವೇ ಇದು. ನಿಮ್ಮ ಕೈ ಸಿಕ್ಕರೆ ಎಳೆದಾಡಬೇಡಿ, ಇನ್ನೂ ಬಿಗಿಯುತ್ತೆ. ಅದರ ಕಾಲನ್ನ ಮೆಲ್ಲಗೆ ನೇರ ಮಾಡಿದರೆ ಹಿಡಿತ ಸಡಿಲಾಗುತ್ತೆ.

ಇನ್ನು ಔಷಧ. ನಮ್ಮ ರೂಮಿನಲ್ಲಿ ಒಬ್ಬ "ನೋವಿನ ಗುಳಿಗೆ ಪುಡಿ ಮಾಡಿ ಹಾಕೋಣ" ಅಂದಿದ್ದ. ಪುಣ್ಯಕ್ಕೆ ಹಾಕಲಿಲ್ಲ. ಭಾರತದ ಮೂರು ಜಾತಿಯ ರಣಹದ್ದುಗಳು ಶೇ 95ಕ್ಕಿಂತ ಹೆಚ್ಚು ನಾಶವಾದದ್ದು ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧದಿಂದ. ದನಕ್ಕೆ ಕೊಟ್ಟ ಔಷಧ, ಸತ್ತ ದನ ತಿಂದ ರಣಹದ್ದಿನ ಕಿಡ್ನಿಯನ್ನ ಹಾಳು ಮಾಡುತ್ತೆ ಅಂತ ಗೊತ್ತಾದದ್ದು 2004ರ ಸುಮಾರಿಗೆ. 2006ರಲ್ಲಿ ದನಕರುಗಳಿಗೆ ಅದನ್ನ ಕೊಡೋದು ನಿಷೇಧವಾಯಿತು. ರಾಮನಗರದ ರಾಮದೇವರ ಬೆಟ್ಟವನ್ನ 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಬೇಕಾಗಿ ಬಂದದ್ದು ಅವು ಅಷ್ಟು ಅಪರೂಪ ಆಗಿದ್ದಕ್ಕೇ. ಮನುಷ್ಯನಿಗೆ ಒಗ್ಗಿದ್ದು ಹಕ್ಕಿಗೆ ವಿಷ ಆಗಬಹುದು.

ಕಮಲಾಪುರದ ಮರಿ

ಈಗ ಫೆಬ್ರವರಿ ಕತೆ. ನಮ್ಮ ಗ್ಯಾಂಗಿನ ಒಬ್ಬನ ಊರು ಕಮಲಾಪುರದ ಹತ್ತಿರ, ಕಲಬುರಗಿಯಿಂದ ಹುಮನಾಬಾದ್ ರೋಡಿನಲ್ಲಿ. ಕಮಲಾಪುರದ ಕೆಂಪು ಬಾಳೆಹಣ್ಣು ನಿಮಗೆ ಗೊತ್ತಿರಬೇಕು, ಜಿಐ ಟ್ಯಾಗ್ ಸಿಕ್ಕಿದ ಹಣ್ಣು. ಅವರದೂ ಸಣ್ಣ ಬಾಳೆ ತೋಟ. ಭಾನುವಾರ ಅಲ್ಲಿಗೆ ಹೋಗಿದ್ದೆವು. ತೋಟದ ಬದುವಿನ ಹುಣಸೆ ಮರದ ಮೇಲೆ ಹದ್ದು ಒಂದೇ ಸಮ ಕೂಗುತ್ತಿತ್ತು.

ಗೆಳೆಯನ ಮುತ್ಯಾ ಕೈ ಅಡ್ಡ ಹಿಡಿದು ಮೇಲೆ ನೋಡಿ ಹೇಳಿದರು: "ಮುಂಜಾನಿಂದ ಹಿಂಗೇ ಚೀರ್ಲಾಕತ್ತದ. ಮರಿ ಕಾಲಿಗಿ ಏನೋ ಸಿಕ್ಕೊಂಡದ ನೋಡ್ರಿ."

ಫೋನಿನಲ್ಲಿ ಝೂಮ್ ಮಾಡಿದೆವು. ಗೂಡಿನಲ್ಲಿ ಎರಡು ಮರಿ. ಒಂದು ಅಂಚಿನಲ್ಲಿ ವಾಲಿಕೊಂಡಿತ್ತು, ಒಂದು ಕಾಲು ಹಿಂದಕ್ಕೆ ಚಾಚಿ, ಆ ಕಾಲಿನಿಂದ ಗೂಡಿನ ಕಡ್ಡಿಗೆ ಬಿಗಿಯಾಗಿ ಒಂದು ದಾರ. ಗುಲಾಬಿ ಬಣ್ಣದ ದಾರ.

ಆ ಬಣ್ಣ ನೋಡಿ ನಾವ್ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಂಕ್ರಾಂತಿಗೆ ಗೆಳೆಯನ ತಮ್ಮಂದಿರಿಗೆ ಅಂತ ಕಲಬುರಗಿಯಿಂದ ಗುಲಾಬಿ ಮಾಂಜಾದ ಒಂದು ಚರಕಿ ತಂದುಕೊಟ್ಟದ್ದು ನಾವೇ. ನೈಲಾನಿನದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಲ್ಲೆಲ್ಲ ಇದನ್ನ ನಿಷೇಧಿಸಿದೆ ಅಂತ ಆಮೇಲೆ ಗೊತ್ತಾಯಿತು. ಅದೇ ದಾರ ಅಂತ ಹೇಳೋಕೆ ಸಾಕ್ಷಿ ಇಲ್ಲ. ಅಲ್ಲ ಅನ್ನೋಕೂ ಇಲ್ಲ.

ಒಬ್ಬ ಚಪ್ಪಲಿ ಬಿಟ್ಟು ಮರ ಹತ್ತೋಕೆ ತಯಾರಾದ. ಮುತ್ಯಾ ತಡೆದರು: "ಏ ತಮ್ಮಾ, ಹತ್ತಬ್ಯಾಡ. ನೀ ಬೀಳ್ತಿ, ಇಲ್ಲಾಂದ್ರ ಮರಿ ಹೆದರಿ ಕೆಳಗ ಬೀಳ್ತದ. ತಿಳಿದೋರಿಗಿ ಫೋನ್ ಹಚ್ರಿ." ಹೋದ ವರ್ಷ ಯಾರೂ ನಮಗೆ ಈ ಮಾತು ಹೇಳಿರಲಿಲ್ಲ.

1926ಕ್ಕೆ ಫೋನ್ ಮಾಡಿದೆವು. ಇದು ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ. ಜಾಗ, ಮರ, ಹಕ್ಕಿ, ಗಾಯ ಎಲ್ಲ ಕೇಳಿದರು, ಲೊಕೇಶನ್ ಮತ್ತು ಫೋಟೋ ಕಳಿಸಿದೆವು. ಸಿಬ್ಬಂದಿ ಬರೋಕೆ ಎರಡು ಗಂಟೆ ಹಿಡಿಯಿತು. ಅಲ್ಲಿವರೆಗೆ ನಮ್ಮ ಕೆಲಸ ಹುಡುಗರನ್ನ ಮರದ ಹತ್ತಿರ ಬಿಡದೆ ಇರೋದು. "ನೀವು ನಿಂತಿರೋತನ ಅದರವ್ವ ಬರಂಗಿಲ್ಲ" ಅಂತ ಮುತ್ಯಾ ನಮ್ಮನ್ನೂ ಬಾಳೆಗಿಡದ ಹಿಂದಕ್ಕೆ ಕಳಿಸಿದರು. ಹಿಂದೆ ಸರಿದ ಸ್ವಲ್ಪ ಹೊತ್ತಿಗೆ ತಾಯಿ ಬಂದು ಗೂಡಲ್ಲಿ ಕೂತಿತು.

ಸಿಬ್ಬಂದಿ ಜೊತೆ ಮರ ಹತ್ತೋ ರೂಢಿ ಇರೋ ಒಬ್ಬರು ಬಂದಿದ್ದರು. ಸೊಂಟಕ್ಕೆ ಹಗ್ಗ, ತಲೆಗೆ ಬೈಕಿನ ಹೆಲ್ಮೆಟ್, ಕೈಗೆ ದಪ್ಪ ಗ್ಲೌಸ್. ಹೆಲ್ಮೆಟ್ ಯಾಕೆ ಅಂತ ಎರಡೇ ನಿಮಿಷಕ್ಕೆ ಗೊತ್ತಾಯಿತು, ತಾಯಿ ಹದ್ದು ಮೂರು ಸಲ ಬಂದು ಹೊಡೆಯಿತು. ಅವರು ಮೊದಲು ಮರಿಯ ತಲೆ ಮೇಲೆ ಬಟ್ಟೆ ಹಾಕಿದರು. ಮರಿ ತಕ್ಷಣ ಸುಮ್ಮನಾಯಿತು. ಕಾಲಿಗೆ ಸುತ್ತಿದ ದಾರ ಎಳೀಲಿಲ್ಲ, ಗೂಡಿನ ಕಡೆಯ ತುದಿಯನ್ನ ಮಾತ್ರ ಕತ್ತರಿಸಿದರು. ಚರ್ಮದೊಳಗೆ ಹೋದ ಮಾಂಜಾ ಎಳೆದರೆ ಗರಗಸದ ಹಾಗೆ ಕೊಯ್ಯುತ್ತೆ. ಗೂಡಿನಲ್ಲಿದ್ದ ಉಳಿದ ಗುಲಾಬಿ ದಾರವನ್ನೂ ಆರಿಸಿ ಜೇಬಿಗೆ ಹಾಕಿಕೊಂಡು, ಮರಿಯನ್ನ ಚೀಲದಲ್ಲಿ ಕೆಳಗೆ ಇಳಿಸಿದರು.

ಪಶುವೈದ್ಯರು ಭೂತಗನ್ನಡಿ ಇಟ್ಟುಕೊಂಡು ದಾರ ಬಿಡಿಸಿದರು. ಒಂದು ಬೆರಳು ಕಪ್ಪಗಾಗಿತ್ತು, ಉಳಿದ ಮೂರು ಬೆಚ್ಚಗಿದ್ದವು. "ಒಂದು ಬೆರಳು ಹೋಗಬಹುದು, ಕಾಲು ಉಳೀತದ" ಅಂದರು. ರೆಕ್ಕೆಗಳನ್ನ ಒಂದೊಂದಾಗಿ ಬಿಚ್ಚಿ ನೋಡಿದರು, ಎದೆಮೂಳೆ ಮುಟ್ಟಿ ಮಾಂಸ ಎಷ್ಟಿದೆ ನೋಡಿದರು, ತೂಕ ಹಾಕಿದರು. ನಾಲ್ಕು ದಿನ ಡ್ರೆಸ್ಸಿಂಗ್ ಬೇಕಿತ್ತು, ಅರಣ್ಯ ಸಿಬ್ಬಂದಿ ಇಟ್ಟುಕೊಂಡರು. ನಮಗೆ ನೋಡೋಕೂ ಬಿಡಲಿಲ್ಲ. ಅದೂ ಸರಿಯೇ. ಸಣ್ಣ ಮರಿ ದಿನಾ ಉಣಿಸೋರನ್ನೇ ತನ್ನ ಜಾತಿ ಅಂದುಕೊಂಡುಬಿಡುತ್ತೆ. ಆಮೇಲೆ ಅದು ಬೇರೆ ಹದ್ದುಗಳ ಜೊತೆ ಬಾಳೋದಿಲ್ಲ, ಮನುಷ್ಯರಿಗೆ ಹೆದರೋದೂ ಇಲ್ಲ. ಅಂಥ ಹಕ್ಕಿಯನ್ನ ಕಾಡಿಗೆ ಬಿಟ್ಟರೂ ಅದು ಬಿಟ್ಟಂತಲ್ಲ.

ಐದನೇ ದಿನ ಮರಿಯನ್ನ ಅದೇ ಗೂಡಿಗೆ ವಾಪಸ್ ಇಟ್ಟರು. ಇನ್ನೊಂದು ಮರಿ ಅಲ್ಲೇ ಇದ್ದದ್ದರಿಂದ ತಾಯಿ ಗೂಡು ಬಿಟ್ಟಿರಲಿಲ್ಲ. ನಾವು ದೂರದಲ್ಲಿ, ಪಂಪ್‌ಸೆಟ್ ಮನೆ ಹತ್ತಿರ ಕೂತು ನೋಡಿದೆವು. ನಲವತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಾಯಿ ಒಂದು ಇಲಿ ಹಿಡಿದುಕೊಂಡು ಬಂದಿತು. ಮೊದಲ ತುಂಡು ಯಾವ ಮರಿಗೆ ಕೊಟ್ಟಿತೋ ಕಾಣಿಸಲಿಲ್ಲ. ಎರಡನೆಯದನ್ನ ನಮ್ಮ ಮರಿ ಕಿತ್ತುಕೊಂಡಿತು.

ಹಾಗಾದರೆ ನೀವೇನು ಮಾಡಬೇಕು

1. ಮೊದಲು ದೂರದಿಂದ ಹತ್ತು ನಿಮಿಷ ನೋಡಿ. ಫೋಟೋ ತೆಗೀರಿ. ತಾಯಿ ಇದೆಯಾ, ಗಾಯ ಇದೆಯಾ?

2. 1926ಕ್ಕೆ ಫೋನ್ ಮಾಡಿ. ಮರ ನೀವೇ ಹತ್ತಬೇಡಿ. ಗಾಳಿಪಟದ ದಾರ ಕರೆಂಟ್ ವೈರಿಗೂ ತಾಗಿದ್ದರೆ ಆ ಮರದ ಹತ್ತಿರವೂ ಹೋಗಬೇಡಿ.

3. ಎತ್ತಲೇಬೇಕಾದರೆ ದಪ್ಪ ಟವೆಲ್ ತಲೆಯ ಮೇಲೆ ಬೀಳೋ ಹಾಗೆ ಹಾಕಿ, ಹಿಂದಿನಿಂದ ರೆಕ್ಕೆ ಮಡಿಸಿ, ಎರಡೂ ಕಾಲು ಹಿಡಿದು ಎತ್ತಿ. ಎದೆ ಒತ್ತಬೇಡಿ.

4. ತೂತು ಮಾಡಿದ ರಟ್ಟಿನ ಡಬ್ಬಿ, ಕೆಳಗೆ ಬಟ್ಟೆ. ಕಬ್ಬಿಣದ ಪಂಜರ ಬೇಡ, ಗರಿ ಮುರಿಯುತ್ತವೆ. ಕತ್ತಲು, ನೆರಳು, ಮೌನ. ಆಗಾಗ ಮುಚ್ಚಳ ತೆಗೆದು ಇಣುಕಬೇಡಿ.

5. ಹಾಲು, ಬ್ರೆಡ್, ಅನ್ನ, ಗುಳಿಗೆ ಯಾವುದೂ ಬೇಡ. ಬಾಯಿಗೆ ನೀರು ಹಾಕಬೇಡಿ.

6. ದಾರ ಎಳೀಬೇಡಿ, ಉದ್ದ ಇದ್ದರೆ ದೂರದಲ್ಲಿ ಕತ್ತರಿಸಿ.

7. ಕೈ ಸೋಪಿನಿಂದ ತೊಳೀರಿ. ಸೆಲ್ಫಿ ಬೇಡ.

ಇದು ಕಾನೂನಿನ ಮಾತೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದೊಳಗೆ ಕಾಡುಹಕ್ಕಿಯನ್ನ ಹಿಡಿಯೋದು, ಅದರ ಮೊಟ್ಟೆ ಗೂಡಿಗೆ ಕೈ ಹಾಕೋದೂ ಸೇರಿದೆ. ಹಕ್ಕಿ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. "ಸಾಕ್ತೀವಿ" ಅನ್ನೋ ಆಸೆ ಒಳ್ಳೇದೇ ಇರಬಹುದು, ಕಾಯ್ದೆ ಅದನ್ನ ಒಪ್ಪೋದಿಲ್ಲ.

ಇದನ್ನೇ ಜೀವನ ಮಾಡಿಕೊಂಡವರೂ ಇದ್ದಾರೆ. ದೆಹಲಿಯ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಅನ್ನೋ ಅಣ್ಣತಮ್ಮಂದಿರು ಗಾಯಗೊಂಡ ಸಾವಿರಾರು ಹದ್ದುಗಳಿಗೆ ಚಿಕಿತ್ಸೆ ಮಾಡಿದ್ದಾರೆ, ಅದರಲ್ಲಿ ಬಹಳಷ್ಟು ಮಾಂಜಾ ಗಾಯ. ಅವರ ಬಗ್ಗೆ ಶೌನಕ್ ಸೇನ್ ಮಾಡಿದ 'ಆಲ್ ದಟ್ ಬ್ರೀದ್ಸ್' ಸಾಕ್ಷ್ಯಚಿತ್ರ 2022ರಲ್ಲಿ ಕಾನ್‌ನಲ್ಲಿ ಪ್ರಶಸ್ತಿ ಪಡೆಯಿತು, ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ನೋಡಿಲ್ಲದಿದ್ದರೆ ನೋಡಿ.

ನಾವು ಅಷ್ಟೆಲ್ಲ ಮಾಡಬೇಕಾಗಿಲ್ಲ. ಫೋನಿನಲ್ಲಿ 1926 ಸೇವ್ ಮಾಡೋದು, ಮುಂದಿನ ಸಂಕ್ರಾಂತಿಗೆ ಹತ್ತಿ ದಾರ ಕೊಳ್ಳೋದು, ಹಾಸ್ಟೆಲ್ ಟೆರೇಸಿನಲ್ಲಿ, ಮರದಲ್ಲಿ ಸಿಕ್ಕಿಕೊಂಡ ದಾರ ಕಂಡರೆ ಸುತ್ತಿ ಕತ್ತರಿಸಿ ಕಸಕ್ಕೆ ಹಾಕೋದು. ಇಷ್ಟು ಸಾಕು. ನಾವು ಈ ಸೆಮ್‌ನಲ್ಲಿ ಶುರು ಮಾಡಿದ್ದೀವಿ. ನಮ್ಮ ಬ್ಲಾಕಿನ ಟೆರೇಸ್ ಒಂದರಲ್ಲೇ ಒಂದು ಪ್ಲಾಸ್ಟಿಕ್ ಕವರ್ ತುಂಬ ದಾರ ಸಿಕ್ಕಿತು. ಅದರಲ್ಲಿ ಗುಲಾಬಿಯದೂ ಇತ್ತು.

ಮೆಸ್ ಹಿಂದಿನ ಬೇವಿನ ಮರದಲ್ಲಿ ಈ ಸಲವೂ ಹದ್ದು ಗೂಡು ಕಟ್ಟಿದೆ. ಎರಡು ಮರಿ ಇವೆ. ಊಟಕ್ಕೆ ಹೋಗುವಾಗ ಮೇಲೆ ನೋಡಿ. ದೂರದಿಂದ.